ವದಂತಿಗೆ ಲಾಠಿ ಮದ್ದಲ್ಲ

ಗಣಪತಿ ಹಬ್ಬ ಹತ್ತಿರ ಬಂತೆಂದರೆ ಶಿವಮೊಗ್ಗದಲ್ಲೂ ಭದ್ರಾವತಿಯಲ್ಲೂ ಶಾಂತಿ ಸಭೆ ಸೇರುತ್ತದೆ. ವೇದಿಕೆಯ ಮೇಲೆ ಅಧಿಕಾರಿಗಳು, ಮುಂದಿನ ಸಾಲಿನಲ್ಲಿ ಎರಡೂ ಕಡೆಯ ಮುಖಂಡರು, ಹಿಂದೆ ಮೆರವಣಿಗೆ ಸಮಿತಿಯ ಹುಡುಗರು. ಅಲ್ಲಿ ಬೇರೆ ಯಾವ ಮಾತು ಬಂದರೂ ಬರದಿದ್ದರೂ ಒಂದು ಮಾತು ಬಂದೇ ಬರುತ್ತದೆ: ಸಾಮಾಜಿಕ ಜಾಲತಾಣದಲ್ಲಿ ಸುಳ್ಳು ಸುದ್ದಿ ಹರಡಿದವರ ಮೇಲೆ ನಿರ್ದಾಕ್ಷಿಣ್ಯ ಕ್ರಮ ಜರುಗಿಸಲಾಗುವುದು. ಇದಕ್ಕೆ ತಲೆದೂಗದವರಿಲ್ಲ. ಮೆರವಣಿಗೆಯ ದಾರಿಯ ಬಗ್ಗೆ, ಡಿಜೆ ಬಗ್ಗೆ, ಫ್ಲೆಕ್ಸಿನ ಬಗ್ಗೆ ಸಭೆ ಇಬ್ಭಾಗವಾಗುತ್ತದೆ. ವಾಟ್ಸಾಪ್ ಹಾಳು ಎಂಬಲ್ಲಿ ಮಾತ್ರ ಒಂದಾಗುತ್ತದೆ.

ಈ ಒಮ್ಮತ ನಮ್ಮ ಊರಿನದಷ್ಟೇ ಅಲ್ಲ. ವಿಶ್ವ ಆರ್ಥಿಕ ವೇದಿಕೆ 2024ರ ಜನವರಿಯಲ್ಲಿ ಹೊರತಂದ ಅಪಾಯಗಳ ವರದಿ, ಮುಂದಿನ ಎರಡು ವರ್ಷ ಜಗತ್ತನ್ನು ಕಾಡುವ ಅಪಾಯಗಳಲ್ಲಿ ತಪ್ಪು ಮಾಹಿತಿಯನ್ನೇ ಮೊದಲ ಸ್ಥಾನದಲ್ಲಿ ಇಟ್ಟಿತು. 2025ರ ಜೂನ್‌ನಲ್ಲಿ ಕರ್ನಾಟಕದ ಸುಳ್ಳು ಸುದ್ದಿ ನಿಷೇಧ ಮಸೂದೆಯ ಕರಡು ಹೊರಬಿತ್ತು. ಏಳು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ, ವಿಶೇಷ ನ್ಯಾಯಾಲಯ ಎಲ್ಲವೂ ಅದರಲ್ಲಿದ್ದವು. ಸುಳ್ಳು ಸುದ್ದಿ ಭದ್ರತೆಯ ಪ್ರಶ್ನೆ, ಆದ್ದರಿಂದ ಅದು ಪೊಲೀಸರ ಕೆಲಸ ಎಂಬುದು ಈಗ ಎಲ್ಲ ಪಕ್ಷಗಳೂ ಒಪ್ಪಿಕೊಂಡಿರುವ ಮಾತು.

ಈ ಮಾತನ್ನು ಒಪ್ಪಲು ಶಿವಮೊಗ್ಗದ ಅನುಭವ ಬಿಡುವುದಿಲ್ಲ. ವದಂತಿಯಿಂದ ಈ ಊರಿಗೆ ಪೆಟ್ಟು ಬಿದ್ದಿಲ್ಲ ಎಂದು ನಾನು ಹೇಳುತ್ತಿಲ್ಲ, ಬಿದ್ದಿದೆ. ಆದರೆ ಪೆಟ್ಟು ಬಿದ್ದ ಕಡೆಯೆಲ್ಲ ತಡಕಿ ನೋಡಿದರೆ ಸುಳ್ಳಿನಷ್ಟೇ ದೊಡ್ಡದಾಗಿ ಸಿಗುವುದು ಇನ್ನೊಂದು: ಹೇಳಬೇಕಾದವರು ಹೊತ್ತಿಗೆ ಸರಿಯಾಗಿ ಹೇಳದೆ ಉಳಿದದ್ದು, ಹೇಳಿದರೂ ಅರ್ಧ ಹೇಳಿದ್ದು, ಕೊನೆಗೆ ಏನಾಯಿತು ಎಂಬುದನ್ನು ಎಂದೂ ಹೇಳದಿದ್ದದ್ದು. ವದಂತಿಯನ್ನು ಭದ್ರತೆಯ ಪ್ರಶ್ನೆ ಎಂದು ಕರೆದ ಕೂಡಲೇ ಬಾಯಿ ಬಿಡದಿರುವುದನ್ನೇ ರೂಢಿ ಮಾಡಿಕೊಂಡ ಇಲಾಖೆಯ ಕೈಗೆ ಬಾಯಿ ಬಿಡಬೇಕಾದ ಕೆಲಸವನ್ನು ಕೊಟ್ಟಂತಾಗುತ್ತದೆ.

ಮೊದಲು ಮೊಬೈಲಿನ ಮೇಲಿನ ಆರೋಪ. 2010ರ ಮಾರ್ಚ್ 1ರಂದು ಶಿವಮೊಗ್ಗ ಹೊತ್ತಿಕೊಂಡಿತು. ಹಿಂದಿನ ದಿನ, ಭಾನುವಾರ, ಕನ್ನಡಪ್ರಭದಲ್ಲಿ ಬುರ್ಖಾ ಕುರಿತು ತಸ್ಲೀಮಾ ನಸ್ರೀನ್ ಹೆಸರಿನಲ್ಲಿ ಒಂದು ಲೇಖನ ಬಂದಿತ್ತು. ಪ್ರತಿಭಟನೆಯ ಮೆರವಣಿಗೆ ಕಲ್ಲು ತೂರಾಟಕ್ಕೆ ತಿರುಗಿತು, ಅಂಗಡಿ ವಾಹನಗಳು ಸುಟ್ಟವು, ಶಿವಮೊಗ್ಗದಲ್ಲಿ ಇಬ್ಬರು ಸತ್ತರು, ಕರ್ಫ್ಯೂ ಬಿತ್ತು, ಹಾಸನದಲ್ಲೂ ಗಲಭೆಯಾಯಿತು. ಮರುದಿನ ಲೇಖಕಿ, ತಾನು ಕರ್ನಾಟಕದ ಯಾವ ಪತ್ರಿಕೆಗೂ ಬರೆದಿಲ್ಲ ಎಂದರು. ವಾಸ್ತವದಲ್ಲಿ 2007ರಲ್ಲಿ ಇಂಗ್ಲಿಷ್ ವಾರಪತ್ರಿಕೆಯೊಂದರಲ್ಲಿ ಬಂದಿದ್ದ ಅವರ ಬರಹ ಮೂರು ವರ್ಷದ ನಂತರ, ಅವರಿಗೇ ತಿಳಿಯದಂತೆ, ಕನ್ನಡದಲ್ಲಿ ಕಾಣಿಸಿಕೊಂಡಿತ್ತು.

ಆಗ ಗಾಂಧಿ ಬಜಾರಿನಲ್ಲಿ ಯಾರ ಕೈಯಲ್ಲೂ ವಾಟ್ಸಾಪ್ ಇರಲಿಲ್ಲ. ಸುದ್ದಿ ಬಂದದ್ದು ಅಚ್ಚಾದ ಕಾಗದದಲ್ಲಿ, ಸಂಪಾದಕರ ಕಣ್ಣ ಕೆಳಗೆ ಹಾದು, ಬೆಳಗಿನ ಹಾಲಿನ ಜೊತೆ. ಇದನ್ನು ಇವತ್ತಿನ ಸತ್ಯಶೋಧಕರ ಮುಂದೆ ಇಟ್ಟರೆ ಏನು ಮುದ್ರೆ ಒತ್ತುತ್ತಾರೆ? ಬರಹ ಅವರದೇ, ಆದ್ದರಿಂದ ಸುಳ್ಳಲ್ಲ. ಈ ಪತ್ರಿಕೆಗೆ ಬರೆದದ್ದಲ್ಲ, ಈಗ ಬರೆದದ್ದೂ ಅಲ್ಲ, ಆದ್ದರಿಂದ ನಿಜವೂ ಅಲ್ಲ. ಇಬ್ಬರ ಪ್ರಾಣ ತೆಗೆದ ಆ ಸುದ್ದಿ ಸತ್ಯ, ಸುಳ್ಳು ಎಂಬ ಎರಡು ಡಬ್ಬಿಗಳಲ್ಲಿ ಯಾವುದಕ್ಕೂ ಇಳಿಯುವುದಿಲ್ಲ.

ಎರಡನೆಯದು ಹನ್ನೆರಡು ವರ್ಷದ ಮೇಲಿನ ಕಥೆ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 2022ರ ಫೆಬ್ರವರಿ 8, ಹಿಜಾಬ್ ವಿವಾದದ ದಿನಗಳು. ಬಾಪೂಜಿನಗರದ ಸರಕಾರಿ ಪ್ರಥಮ ದರ್ಜೆ ಕಾಲೇಜಿನ ಅಂಗಳ. ಕೇಸರಿ ಶಾಲು ಹೊದ್ದ ವಿದ್ಯಾರ್ಥಿಗಳ ಗುಂಪು ನಿಂತಿದೆ. ಒಬ್ಬ ಹುಡುಗ ಧ್ವಜಸ್ತಂಭ ಹತ್ತುತ್ತಾನೆ, ತುದಿಗೆ ಕೇಸರಿ ಬಾವುಟ ಕಟ್ಟುತ್ತಾನೆ, ಕೆಳಗೆ ಘೋಷಣೆ ಮುಗಿಲು ಮುಟ್ಟುತ್ತದೆ. ಯಾರೋ ದೂರದಿಂದ ಮೊಬೈಲಿನಲ್ಲಿ ಹಿಡಿದ ದೃಶ್ಯ. ಕೆಲವೇ ಗಂಟೆಗಳಲ್ಲಿ ಅದು ರಾಜ್ಯವೆಲ್ಲ ಸುತ್ತಿತು, ಜೊತೆಗೆ ಒಂದು ವಾಕ್ಯವನ್ನು ಹೊತ್ತುಕೊಂಡು: ರಾಷ್ಟ್ರಧ್ವಜ ಇಳಿಸಿ ಕೇಸರಿ ಧ್ವಜ ಏರಿಸಿದರು. ಇದನ್ನು ಹೇಳಿದ್ದು ಹೆಸರಿಲ್ಲದ ಯಾವನೋ ಅಲ್ಲ. ಆಗ ಕೆಪಿಸಿಸಿ ಅಧ್ಯಕ್ಷರಾಗಿದ್ದ ಡಿ.ಕೆ. ಶಿವಕುಮಾರ್ ಅವರೇ ಟ್ವೀಟ್ ಮಾಡಿದರು.

ಜಿಲ್ಲೆಯ ಆಗಿನ ಎಸ್‌ಪಿ ಬಿ.ಎಂ. ಲಕ್ಷ್ಮೀಪ್ರಸಾದ್ ಉತ್ತರ ಕೊಟ್ಟರು: ಕಂಬದಲ್ಲಿ ರಾಷ್ಟ್ರಧ್ವಜ ಇರಲೇ ಇಲ್ಲ, ಕಂಬ ಖಾಲಿ ಇತ್ತು, ಕೇಸರಿ ಬಾವುಟ ಕಟ್ಟಿದ್ದು ನಿಜ, ಆಮೇಲೆ ಕಟ್ಟಿದವರೇ ತೆಗೆದರು. ಇಷ್ಟೇ. ಯಾರನ್ನೂ ಹೆದರಿಸಲಿಲ್ಲ, ಕಠಿಣ ಕ್ರಮದ ಮಾತಿಲ್ಲ. ನಡೆದದ್ದನ್ನೂ ಒಪ್ಪಿಕೊಂಡರು, ನಡೆಯದ್ದನ್ನೂ ಬಿಡಿಸಿ ಹೇಳಿದರು. ಇಂಥ ಮಾತಿಗೆ ಬೆಲೆ ಬರುವುದು ಅದರಲ್ಲಿರುವ ಒಪ್ಪಿಗೆಯ ಭಾಗದಿಂದ. ಎಲ್ಲವೂ ಸುಳ್ಳು ಎಂದಿದ್ದರೆ ವಿಡಿಯೊ ನೋಡಿದ ಯಾರೂ ನಂಬುತ್ತಿರಲಿಲ್ಲ.

ಆದರೂ ಆ ವಾಕ್ಯ ಸಾಯಲಿಲ್ಲ. ಯಾಕೆಂದರೆ ಅದರಿಂದ ಎರಡೂ ಕಡೆಯವರಿಗೆ ಕೆಲಸವಿತ್ತು. ಶಿವಮೊಗ್ಗದವರೇ ಆದ ಆಗಿನ ಸಚಿವ ಕೆ.ಎಸ್. ಈಶ್ವರಪ್ಪ, ಮುಂದೊಂದು ದಿನ ಕೆಂಪುಕೋಟೆಯ ಮೇಲೂ ಕೇಸರಿ ಧ್ವಜ ಹಾರಬಹುದು ಎಂದರು. ಅದನ್ನು ಹಿಡಿದು ಕಾಂಗ್ರೆಸ್ ವಿಧಾನಸಭೆಯಲ್ಲಿ ಅಹೋರಾತ್ರಿ ಧರಣಿ ಕೂತಿತು. ಒಂದು ಖಾಲಿ ಕಂಬದ ಮೇಲೆ ರಾಜ್ಯದ ರಾಜಕಾರಣ ಹತ್ತಾರು ದಿನ ನಿಂತಿತು. ಇದರಲ್ಲಿ ಯಾವ ಹಂತದಲ್ಲಿ ಲಾಠಿ ಬೀಸಬೇಕಿತ್ತು, ಯಾರ ಮೇಲೆ? ವಿಡಿಯೊ ಫಾರ್ವರ್ಡ್ ಮಾಡಿದ ಸೀಗೆಹಟ್ಟಿಯ ಹುಡುಗನ ಮೇಲೋ, ಅದಕ್ಕೆ ವಾಕ್ಯ ಅಂಟಿಸಿದ ನಾಯಕರ ಮೇಲೋ? ಮೊದಲನೆಯದು ಸುಲಭ, ಆದ್ದರಿಂದ ನಡೆಯುತ್ತದೆ. ಎರಡನೆಯದನ್ನು ಯಾವ ಸರಕಾರದ ಪೊಲೀಸರೂ ಮಾಡಿದ್ದು ಕಡಿಮೆ.

ಇನ್ನೊಂದು ಲೆಕ್ಕವನ್ನೂ ಇಲ್ಲೇ ನೋಡಿಬಿಡಬೇಕು. ಈಚಿನ ವರ್ಷಗಳಲ್ಲಿ ಶಿವಮೊಗ್ಗದಲ್ಲಿ ನಿಷೇಧಾಜ್ಞೆ ಬಿದ್ದ ದೊಡ್ಡ ಸಂದರ್ಭಗಳನ್ನು ಸಾಲಾಗಿ ಇಡಿ. 2022ರ ಫೆಬ್ರವರಿ 20ರ ರಾತ್ರಿ ಬಜರಂಗದಳದ ಯುವಕನೊಬ್ಬನ ಕೊಲೆಯಾಯಿತು, ಮರುದಿನ ಶವಯಾತ್ರೆಯಲ್ಲಿ ಕಲ್ಲು ತೂರಿದರು, ಬೆಂಕಿ ಹಚ್ಚಿದರು. ಅದೇ ವರ್ಷದ ಆಗಸ್ಟ್ 15ರಂದು ಅಮೀರ್ ಅಹ್ಮದ್ ವೃತ್ತದಲ್ಲಿ ಸಾವರ್ಕರ್ ಫ್ಲೆಕ್ಸಿನ ಜಗಳ, ಅದರ ಬೆನ್ನಿಗೆ ಒಬ್ಬನಿಗೆ ಚೂರಿ ಇರಿತ. ನಿಷೇಧಾಜ್ಞೆ ಭದ್ರಾವತಿಗೂ ಬಂತು. 2023ರ ಅಕ್ಟೋಬರ್ 1ರಂದು ರಾಗಿಗುಡ್ಡದಲ್ಲಿ ಈದ್ ಮಿಲಾದ್ ಮೆರವಣಿಗೆಯ ವೇಳೆ ಕಲ್ಲು ತೂರಾಟ. ಕೊಲೆ ನಿಜ, ಫ್ಲೆಕ್ಸ್ ನಿಜ, ಕಲ್ಲು ನಿಜ. ಮೂರರ ಬುಡದಲ್ಲೂ ಕಟ್ಟಿದ ಸುದ್ದಿ ಇರಲಿಲ್ಲ. ಆಮೇಲೆ ಹುಟ್ಟಿದ ಗಾಳಿಸುದ್ದಿಗಳೆಲ್ಲ ಅದಾಗಲೇ ಹೊತ್ತಿದ್ದ ಉರಿಗೆ ಸುರಿದ ಎಣ್ಣೆ. ಎಲ್ಲಕ್ಕೂ ಸುಳ್ಳು ಸುದ್ದಿಯೇ ಕಾರಣ ಎನ್ನುವುದು ಎಲ್ಲರಿಗೂ ಹಿತವಾದ ವಿವರಣೆ. ಅದರಲ್ಲಿ ನಮ್ಮ ಓಣಿಯ ಯಾರೂ ತಪ್ಪಿತಸ್ಥರಲ್ಲ, ತಪ್ಪೆಲ್ಲ ಪರದೆಯದು.

ಹಾಗಾದರೆ ವದಂತಿ ಹುಟ್ಟುವುದು ಹೇಗೆ? ಇದಕ್ಕೂ ಶಿವಮೊಗ್ಗದಲ್ಲೇ ಉತ್ತರ ಇದೆ. 2021ರ ಜನವರಿ 21ರ ರಾತ್ರಿ ಹತ್ತೂವರೆಯ ಸುಮಾರಿಗೆ ಇಡೀ ಊರು ನಡುಗಿತು. ಕಿಟಕಿಯ ಗಾಜುಗಳು ಒಡೆದವು, ಮಲಗಿದ್ದವರು ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಬಂದರು. ಪಕ್ಕದ ಜಿಲ್ಲೆಗಳಲ್ಲೂ ಸದ್ದು ಕೇಳಿಸಿತು. ಫೋನುಗಳೆಲ್ಲ ಒಂದೇ ಮಾತಾಡಿದವು: ಭೂಕಂಪ. ರಾತ್ರಿ ಕಳೆಯುವ ಹೊತ್ತಿಗೆ ನಿಜ ತಿಳಿಯಿತು. ಊರ ಹೊರಗಿನ ಹುಣಸೋಡಿನ ಕಲ್ಲುಕ್ವಾರಿಯ ಬಳಿ ಜಿಲೆಟಿನ್ ಕಡ್ಡಿಗಳನ್ನು ತುಂಬಿದ್ದ ವಾಹನ ಸಿಡಿದಿತ್ತು. ಅಲ್ಲಿದ್ದ ಕಾರ್ಮಿಕರು ಗುರುತು ಸಿಗದಂತೆ ಛಿದ್ರವಾಗಿದ್ದರು.

ಭೂಕಂಪ ಎಂದು ಆ ರಾತ್ರಿ ಸಂದೇಶ ಕಳಿಸಿದ ಸಾವಿರಾರು ಜನ ಸುಳ್ಳರೇ? ಹೇಳಿದ್ದು ತಪ್ಪು ಮಾಹಿತಿಯೇ. ಆದರೆ ಅವರು ಸುಳ್ಳು ಹರಡುತ್ತಿರಲಿಲ್ಲ, ಕೇಳುತ್ತಿದ್ದರು: ನಿಮಗೂ ಆಯಿತೆ, ನಿಮ್ಮ ಕಡೆ ಏನಾಯಿತು, ಅಪ್ಪ ಅಮ್ಮ ಹೇಗಿದ್ದಾರೆ. ಉತ್ತರ ಕೊಡುವವರು ಇಲ್ಲದಾಗ ಜನ ತಾವೇ ಕೂಡಿ ಉತ್ತರ ಕಟ್ಟಿಕೊಳ್ಳುತ್ತಾರೆ. ಕರಡು ಮಸೂದೆ ಗೊತ್ತಿದ್ದು ಹೇಳಿದ ಸುಳ್ಳನ್ನಷ್ಟೇ ಅಲ್ಲ, ಅಜಾಗರೂಕತೆಯಿಂದ ಹೇಳಿದ ತಪ್ಪು ಮಾತನ್ನೂ ಅಪರಾಧದ ವ್ಯಾಪ್ತಿಗೆ ತಂದಿತ್ತು. ಹುಣಸೋಡಿನ ರಾತ್ರಿ ಬೀದಿಯಲ್ಲಿ ನಿಂತವರಲ್ಲಿ ಎಷ್ಟು ಜನ ಆ ಬಲೆಯಿಂದ ಹೊರಗಿರುತ್ತಿದ್ದರು?

ಈ ವಿಷಯವನ್ನು ಓದಿದವರು ಹಿಂದೆಯೇ ಹೇಳಿಟ್ಟಿದ್ದಾರೆ. 1934ರ ಬಿಹಾರ ಭೂಕಂಪದ ನಂತರ ಹಬ್ಬಿದ ವದಂತಿಗಳನ್ನು ಜಮುನಾ ಪ್ರಸಾದ್ ಎಂಬ ನಮ್ಮ ಮನಶ್ಶಾಸ್ತ್ರಜ್ಞರು ಒಟ್ಟುಮಾಡಿ ಮರುವರ್ಷವೇ ಪ್ರಕಟಿಸಿದರು. ಇದಕ್ಕಿಂತ ದೊಡ್ಡ ಅನಾಹುತ ಇನ್ನೂ ಬರಲಿದೆ ಎಂಬ ಭೀತಿಯೇ ಅವುಗಳಲ್ಲಿ ಹೆಚ್ಚು. 1947ರಲ್ಲಿ ಅಮೆರಿಕದ ಆಲ್‌ಪೋರ್ಟ್ ಮತ್ತು ಪೋಸ್ಟ್‌ಮನ್, ವದಂತಿಗೆ ಎರಡು ಅಂಶ ಬೇಕು ಎಂದರು: ವಿಷಯ ಜನರಿಗೆ ಮುಖ್ಯವಾಗಿರಬೇಕು, ಅದರ ಬಗ್ಗೆ ಖಚಿತ ಮಾಹಿತಿ ಇರಬಾರದು. ಎರಡರಲ್ಲಿ ಒಂದು ಸೊನ್ನೆಯಾದರೆ ವದಂತಿಯೂ ಸೊನ್ನೆ. ಹಬ್ಬ, ಮಕ್ಕಳು, ಪ್ರಾಣ ಮುಖ್ಯವಲ್ಲ ಎಂದು ಜನರಿಗೆ ಹೇಳಲು ಯಾವ ಸರಕಾರಕ್ಕೂ ಆಗದು. ಎರಡನೆಯ ಅಂಶವಾದರೂ ಅದರ ಕೈಯಲ್ಲಿದೆ. ನಮ್ಮಲ್ಲಿ ನಡೆಯುವುದು ತಿರುಗಾಮುರುಗಾ. ಅಸ್ಪಷ್ಟತೆಯನ್ನು ಹಾಗೇ ಇಟ್ಟು, ಜನ ಮಾತಾಡುವುದನ್ನು ನಿಲ್ಲಿಸಲು ಹೊರಡುತ್ತೇವೆ.

ಮಾತು ನಿಲ್ಲಿಸಿ ನೋಡಿದ ಅನುಭವವೂ ನಮಗಿದೆ. 2012ರ ಆಗಸ್ಟ್‌ನಲ್ಲಿ, ಅಸ್ಸಾಮಿನ ಗಲಭೆಗೆ ಪ್ರತೀಕಾರವಾಗಿ ಬೆಂಗಳೂರಿನಲ್ಲಿ ಈಶಾನ್ಯ ರಾಜ್ಯದವರ ಮೇಲೆ ದಾಳಿಯಾಗಲಿದೆ ಎಂಬ ಎಸ್ಸೆಮ್ಮೆಸ್ ಹರಿದಾಡಿತು. ಕೆಲವೇ ದಿನಗಳಲ್ಲಿ ಸಾವಿರಾರು ಜನ ಗುವಾಹಟಿಯ ರೈಲು ಹತ್ತಿದರು. ಕೇಂದ್ರ ಸರಕಾರ ಹದಿನೈದು ದಿನ ಸಗಟು ಸಂದೇಶಗಳನ್ನು ನಿಷೇಧಿಸಿ, ಒಬ್ಬರು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಳಿಸದಂತೆ ಮಾಡಿತು. ಆ ಹೊತ್ತಿಗೆ ರೈಲುಗಳು ತುಂಬಿ ಹೊರಟಾಗಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ದು ಎಂದರೆ ಇದೇ. ಅದಕ್ಕಿಂತ ಗಮನಿಸಬೇಕಾದ್ದು ಬೇರೆ: ಭಯಪಡಬೇಡಿ ಎಂದು ಸರಕಾರ ಬಾಯಲ್ಲಿ ಹೇಳುತ್ತಿತ್ತು, ಅತ್ತ ವಿಶೇಷ ರೈಲುಗಳು ಹೊರಡುತ್ತಿದ್ದವು. ಹೆದರಿದವನಿಗೆ ಸರಕಾರದ ಮಾತಿಗಿಂತ ಆ ರೈಲೇ ದೊಡ್ಡ ಸಾಕ್ಷಿಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

2018ರಲ್ಲಿ ಮಕ್ಕಳ ಕಳ್ಳರ ವದಂತಿ. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದ ಕೂಲಿಕಾರನನ್ನು ಜನ ಬಡಿದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು. ಆ ದಿನಗಳಲ್ಲಿ ಹರಿದಾಡುತ್ತಿದ್ದ ಒಂದು ವಿಡಿಯೊ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತಯಾರಾದ ಜಾಗೃತಿ ಚಿತ್ರ. ಕೊನೆಯ ಭಾಗ ಕತ್ತರಿಸಿದ್ದರು, ಅಷ್ಟೇ. ವಾಟ್ಸಾಪ್ ಅದೇ ತಿಂಗಳು ಭಾರತದಲ್ಲಿ ಫಾರ್ವರ್ಡಿಗೆ ಐದರ ಮಿತಿ ಹಾಕಿತು. ಒಳ್ಳೆಯದೇ. ಈ ಲೇಖನದ ವಾದ ತಾಂತ್ರಿಕ ಕಡಿವಾಣದ ವಿರುದ್ಧ ಅಲ್ಲ. ಕಡಿವಾಣ ಕುದುರೆಯ ವೇಗವನ್ನಷ್ಟೇ ತಗ್ಗಿಸುತ್ತದೆ.

ಈಗ ಸತ್ಯವನ್ನು ಯಾರು ತೀರ್ಮಾನಿಸಬೇಕು ಎಂಬ ಪ್ರಶ್ನೆ. ಸರಕಾರವೇ ತೀರ್ಮಾನಿಸಲಿ ಎನ್ನುವವರು 2024ರ ಫೆಬ್ರವರಿ 27ನ್ನು ನೆನಪಿಸಿಕೊಳ್ಳಬೇಕು. ರಾಜ್ಯಸಭೆಗೆ ನಾಸೀರ್ ಹುಸೇನ್ ಗೆದ್ದ ಸಂಭ್ರಮದಲ್ಲಿ ವಿಧಾನಸೌಧದೊಳಗೆ ಪಾಕಿಸ್ತಾನ ಪರ ಘೋಷಣೆ ಕೂಗಿದರು ಎಂದು ವಾಹಿನಿಗಳು ತೋರಿಸಿದವು. ಅದು ಸುಳ್ಳು, ಕೂಗಿದ್ದು ನಾಸೀರ್ ಸಾಬ್ ಜಿಂದಾಬಾದ್ ಎಂದು ಆಡಳಿತ ಪಕ್ಷದವರು ಹೇಳಿದರು. ವಾರ ಕಳೆಯುವುದರೊಳಗೆ ವಿಧಿವಿಜ್ಞಾನ ಪ್ರಯೋಗಾಲಯದ ವರದಿಯ ಆಧಾರದ ಮೇಲೆ ಅದೇ ಸರಕಾರದ ಪೊಲೀಸರು ಮೂವರನ್ನು ಬಂಧಿಸಿದರು. ಆ ಮಧ್ಯದ ದಿನಗಳಲ್ಲಿ ಸುಳ್ಳು ಸುದ್ದಿ ನಿಷೇಧ ಕಾನೂನು ಜಾರಿಯಲ್ಲಿದ್ದಿದ್ದರೆ ಜೈಲಿಗೆ ಹೋಗುತ್ತಿದ್ದವರು ಯಾರು? ಕರಡಿನ ಪ್ರಕಾರ ನಿಯಂತ್ರಣ ಪ್ರಾಧಿಕಾರದ ತಲೆಯ ಮೇಲೆ ಕೂರುವವರು ಒಬ್ಬ ಮಂತ್ರಿ. ಪಕ್ಷ ಬದಲಾದರೆ ಮಂತ್ರಿ ಬದಲಾಗುತ್ತಾರೆ, ಸತ್ಯವೂ ಬದಲಾಗಬೇಕಾಗುತ್ತದೆ.

ಕೇಂದ್ರದ ಕಥೆಯೂ ಬೇರೆಯಲ್ಲ. ತನ್ನ ಬಗೆಗಿನ ಸುದ್ದಿ ಸುಳ್ಳೋ ನಿಜವೋ ಎಂದು ತಾನೇ ಹೇಳುವ ಘಟಕಕ್ಕೆ ಕೇಂದ್ರ ಸರಕಾರ 2023ರಲ್ಲಿ ನಿಯಮ ಮಾಡಿತು. ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ರದ್ದು ಮಾಡಿತು. 2025ರ ಮೇ ತಿಂಗಳ ಭಾರತ-ಪಾಕಿಸ್ತಾನ ಸಂಘರ್ಷದ ರಾತ್ರಿಗಳನ್ನೂ ಮರೆಯುವಂತಿಲ್ಲ. ಎಂಟು ಸಾವಿರಕ್ಕೂ ಹೆಚ್ಚು ಖಾತೆಗಳನ್ನು ತಡೆಯುವಂತೆ ಸರಕಾರದಿಂದ ಆದೇಶ ಬಂದಿದೆ ಎಂದು ಎಕ್ಸ್ ಸಂಸ್ಥೆ ತಿಳಿಸಿತು. ಅದೇ ಹೊತ್ತಿನಲ್ಲಿ ದೇಶದ ದೊಡ್ಡ ಸುದ್ದಿವಾಹಿನಿಗಳಲ್ಲಿ ಹಲವು, ಕರಾಚಿ ಬಂದರು ಧ್ವಂಸವಾಯಿತು ಎಂದು ಸೈರನ್ ಸಮೇತ ಸಾರಿದವು. ಬಂದರು ಬೆಳಗ್ಗೆ ಇದ್ದಲ್ಲೇ ಇತ್ತು. ದೇಶದ ಭದ್ರತೆ ನಿಜವಾಗಿ ಪಣಕ್ಕಿದ್ದ ರಾತ್ರಿ ಅತಿ ದೊಡ್ಡ ಸುಳ್ಳನ್ನು ಹೇಳಿದವರು ಪರವಾನಗಿ ಇದ್ದವರು.

ಕಾನೂನು ಬೇಡವೇ ಎಂದು ಕೇಳಬಹುದು. ಕಾನೂನು ಇದೆ. ಭಾರತೀಯ ನ್ಯಾಯ ಸಂಹಿತೆಯ 196, 353ನೇ ಸೆಕ್ಷನ್‌ಗಳು, ಅದಕ್ಕೆ ಮೊದಲು ಐಪಿಸಿಯ 153ಎ, 505. ದ್ವೇಷ ಬಿತ್ತುವ, ಜನರನ್ನು ಕೆರಳಿಸುವ ಸುಳ್ಳನ್ನು ಇವು ಹಿಡಿಯಬಲ್ಲವು. ಆದರೆ ಎಫ್‌ಐಆರ್ ಹಾಕುವುದು ಬೇರೆ, ವಿಚಾರಣೆ ನಡೆಯುವುದು ಬೇರೆ. ಇಂಥ ಪ್ರಕರಣಗಳನ್ನು ನ್ಯಾಯಾಲಯ ಕೈಗೆತ್ತಿಕೊಳ್ಳಬೇಕಾದರೆ ಸರಕಾರದ ಪೂರ್ವಾನುಮತಿ ಬೇಕು. ಬೀಗದ ಕೈ ವಿಧಾನಸೌಧದಲ್ಲಿದೆ.

ಆ ಕೈ ಹೇಗೆ ತಿರುಗುತ್ತದೆ ಎಂಬುದಕ್ಕೂ ಶಿವಮೊಗ್ಗವೇ ನಿದರ್ಶನ. 2015ರಲ್ಲಿ ಸಿದ್ದರಾಮಯ್ಯ ಸರಕಾರ ಪಿಎಫ್‌ಐ ಮತ್ತು ಕೆಎಫ್‌ಡಿ ಸಂಘಟನೆಗಳ ಕಾರ್ಯಕರ್ತರ ಮೇಲಿದ್ದ 175 ಪ್ರಕರಣಗಳನ್ನು ಹಿಂತೆಗೆದುಕೊಳ್ಳಲು ತೀರ್ಮಾನಿಸಿತು. ಶಿವಮೊಗ್ಗ, ಹಾಸನ, ಮೈಸೂರಿನ ಗಲಭೆಗಳ ಪ್ರಕರಣಗಳು ಅವು. 2020ರಲ್ಲಿ ಯಡಿಯೂರಪ್ಪ ಸರಕಾರ ತನ್ನ ಪಕ್ಷದ ನಾಯಕರೂ ಇದ್ದ 61 ಪ್ರಕರಣಗಳನ್ನು ಹಿಂತೆಗೆಯಲು ಹೊರಟಾಗ ಹೈಕೋರ್ಟ್ ತಡೆ ಕೊಟ್ಟಿತು. 2022ರ ಏಪ್ರಿಲ್‌ನಲ್ಲಿ ತಿರುಚಿದ ಚಿತ್ರವೊಂದರಿಂದ ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆಯ ಮುಂದೆ ಗಲಭೆಯಾಯಿತಲ್ಲ, ಆ ಪ್ರಕರಣವೂ ಸೇರಿದಂತೆ 43 ಪ್ರಕರಣಗಳ ಹಿಂತೆಗೆತಕ್ಕೆ 2024ರಲ್ಲಿ ಆದೇಶವಾಯಿತು. 2025ರ ಮೇನಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಹಿಂತೆಗೆದ ಪ್ರಕರಣಗಳಲ್ಲಿ ಅಮಾಯಕರೂ ಇದ್ದಿರಬಹುದು, ಇದ್ದೇ ಇದ್ದರು ಎನ್ನುವುದೂ ನಂಬುವಂಥದ್ದೇ. ಹಾಗಿದ್ದರೆ ನ್ಯಾಯಾಲಯದಲ್ಲಿ ಬಿಡುಗಡೆಯಾಗಬೇಕಿತ್ತು, ತಪ್ಪಿತಸ್ಥರು ಯಾರೆಂದು ಅಲ್ಲೇ ತಿಳಿಯಬೇಕಿತ್ತು. ಒಳಗೆ ಹಾಕಿದವರೂ ಹೇಳಲಿಲ್ಲ, ಬಿಟ್ಟವರೂ ಹೇಳಲಿಲ್ಲ. ಆ ಖಾಲಿ ಜಾಗದಲ್ಲಿ ಎರಡು ಕೇರಿಗಳು ಎರಡು ಚರಿತ್ರೆ ಬರೆದುಕೊಂಡವು. ಮುಂದಿನ ವದಂತಿ ಮೊಳೆಯುವುದು ಅಂಥ ಜಾಗದಲ್ಲೇ.

ಸತ್ಯ ತಡವಾದರೆ ಏನಾಗುತ್ತದೆ ಎಂಬುದಕ್ಕೆ ಘಟ್ಟದ ಕೆಳಗಿನ ಹೊನ್ನಾವರ ಸಾಕ್ಷಿ. 2017ರ ಡಿಸೆಂಬರ್‌ನಲ್ಲಿ ಅಲ್ಲಿನ ಯುವಕನೊಬ್ಬನ ಶವ ಕೆರೆಯಲ್ಲಿ ಸಿಕ್ಕಿತು. ಚಿತ್ರಹಿಂಸೆ ಕೊಟ್ಟು ಕೊಂದಿದ್ದಾರೆ ಎಂಬ ಮಾತು ಬಿಜೆಪಿ ನಾಯಕರ ಬಾಯಿಂದಲೇ ಬಂತು. ಕುಮಟಾ, ಶಿರಸಿ ಹೊತ್ತಿ ಉರಿದವು, ಐಜಿಯವರ ವಾಹನಕ್ಕೇ ಬೆಂಕಿ ಬಿತ್ತು. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರ ಉತ್ತರಗಳನ್ನು ಪೊಲೀಸರು ಆ ದಿನಗಳಲ್ಲೇ ಬಿಡುಗಡೆ ಮಾಡಿದರು. ಚಿತ್ರಹಿಂಸೆಯ ಗುರುತಿಲ್ಲ ಎಂದು ಅದರಲ್ಲಿತ್ತು. ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಪ್ರಕರಣ ಸಿಬಿಐಗೆ ಹೋಯಿತು. 2022ರ ಅಕ್ಟೋಬರ್‌ನಲ್ಲಿ, ಹತ್ತಿರ ಹತ್ತಿರ ಐದು ವರ್ಷದ ನಂತರ, ಅದು ಆಕಸ್ಮಿಕ ಸಾವು ಎಂದು ಸಿಬಿಐ ವರದಿ ಸಲ್ಲಿಸಿತು. ಮೊದಲ ಸುದ್ದಿಗೆ ಮುಖಪುಟವೆಲ್ಲ ಕೊಟ್ಟಿದ್ದ ಪತ್ರಿಕೆಗಳನ್ನು ತೆಗೆದು, ಕೊನೆಯ ಸುದ್ದಿಗೆ ಎಷ್ಟು ಇಂಚು ಕೊಟ್ಟರು ಎಂದು ಓದುಗರು ಅಳೆದು ನೋಡಬೇಕು.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪಗಳಿವೆ. ಒಂದು: ತನಿಖೆಯ ಹಂತದಲ್ಲಿ ಪೊಲೀಸರು ಎಲ್ಲವನ್ನೂ ಹೇಳಲಾಗದು. ನಿಜ. ಎಲ್ಲವನ್ನೂ ಹೇಳಿ ಎಂದು ಯಾರೂ ಕೇಳುತ್ತಿಲ್ಲ. ಏನು ನಡೆಯಿತು, ಎಲ್ಲಿ, ಎಷ್ಟು ಹೊತ್ತಿಗೆ, ಏನು ಇನ್ನೂ ಗೊತ್ತಿಲ್ಲ, ಮತ್ತೆ ಯಾವಾಗ ಹೇಳುತ್ತೇವೆ, ಇಷ್ಟು ಹೇಳಿದರೆ ಯಾವ ತನಿಖೆಯೂ ಕೆಡುವುದಿಲ್ಲ. ಬದಲಿಗೆ ಬರುವುದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಪ್ರಕಟಣೆ: ಅಹಿತಕರ ಘಟನೆ ನಡೆದಿದ್ದು ಪರಿಸ್ಥಿತಿ ಹತೋಟಿಯಲ್ಲಿದೆ. ಇದನ್ನು ಓದಿದವನು ಹತೋಟಿ ತಪ್ಪಿದೆ ಎಂದೇ ತಿಳಿಯುತ್ತಾನೆ.

ಎರಡು: ಅಪಾಯ ಕಾಲ್ಪನಿಕವಲ್ಲ. ತುಂಗಾ ತೀರದಲ್ಲಿ ಸ್ಫೋಟದ ಪ್ರಯೋಗ ನಡೆಸಿದ ಆರೋಪದ ಪ್ರಕರಣ 2022ರಲ್ಲಿ ಶಿವಮೊಗ್ಗದಲ್ಲೇ ಬಯಲಾಯಿತು. ಅದರ ಆರೋಪಿಗಳಲ್ಲಿ ಒಬ್ಬ ಅದೇ ವರ್ಷದ ನವೆಂಬರ್‌ನ ಮಂಗಳೂರು ಕುಕ್ಕರ್ ಸ್ಫೋಟದಲ್ಲಿ ಸಿಕ್ಕಿಬಿದ್ದ. ಇಂಥದ್ದು ಭದ್ರತೆಯ ಕೆಲಸವೇ, ಅದನ್ನು ಪೊಲೀಸರು, ಎನ್‌ಐಎ ಮಾಡಲಿ. ಆದರೆ ಬಾಂಬ್ ಹುಡುಕುವವರನ್ನೇ ಫಾರ್ವರ್ಡ್ ಹುಡುಕಲು ಕೂರಿಸಿದರೆ ಎರಡೂ ಕೆಲಸ ಕೆಡುತ್ತವೆ.

ಮೂರು: ಗಲಭೆಯ ರಾತ್ರಿ ಯಾರು ವಿವರಣೆ ಕೇಳುತ್ತಾರೆ? ಯಾರೂ ಕೇಳುವುದಿಲ್ಲ, ಒಪ್ಪುತ್ತೇನೆ. ಹೊನ್ನಾವರದ ವೈದ್ಯರ ಉತ್ತರವನ್ನು ಯಾರೂ ಕೇಳಲಿಲ್ಲ. ಆದ್ದರಿಂದಲೇ ನಂಬಿಕೆಯನ್ನು ಗಲಭೆ ಇಲ್ಲದ ದಿನ ಗಳಿಸಿ ಇಟ್ಟುಕೊಂಡಿರಬೇಕು. ಕಳೆದ ಬಾರಿ ಹೇಳಿದ್ದು ನಿಜವಾಗಿತ್ತು ಎಂಬ ನೆನಪಿದ್ದರೆ ಮಾತ್ರ ಈ ಬಾರಿಯ ಮಾತಿಗೆ ಕಿವಿ ಸಿಗುತ್ತದೆ.

ಈಗ ಭದ್ರಾವತಿಗೆ ಬರೋಣ. ಭದ್ರಾ ಹೊಳೆಯ ಒಂದು ದಡಕ್ಕೆ ಓಲ್ಡ್ ಟೌನ್, ಇನ್ನೊಂದು ದಡಕ್ಕೆ ನ್ಯೂ ಟೌನ್. 1918ರಲ್ಲಿ ಮೊದಲಾದ ಕಬ್ಬಿಣದ ಕಾರ್ಖಾನೆ, ಆಮೇಲೆ ಬಂದ ಕಾಗದದ ಕಾರ್ಖಾನೆ ಹತ್ತಾರು ಕಡೆಯ ಜನರನ್ನು ಇಲ್ಲಿಗೆ ಕರೆತಂದವು. ಕನ್ನಡದ ಜೊತೆ ಉರ್ದು, ತಮಿಳು, ತೆಲುಗು ಇಲ್ಲಿನ ಬೀದಿಯ ಮಾತು. 2025ರ ಸೆಪ್ಟೆಂಬರ್‌ನಲ್ಲಿ ಈದ್ ಮಿಲಾದ್ ಮೆರವಣಿಗೆಯಲ್ಲಿ ಪಾಕಿಸ್ತಾನ ಪರ ಘೋಷಣೆ ಕೂಗಿದರು ಎನ್ನಲಾದ ಕೆಲವೇ ಸೆಕೆಂಡಿನ ತುಣುಕು ಈ ಊರಿನ ಹೆಸರಿನಲ್ಲಿ ಹರಿದಾಡಿತು. ಪೊಲೀಸರು ತಾವಾಗಿಯೇ ಪ್ರಕರಣ ದಾಖಲಿಸಿ, ವಿಡಿಯೊದ ಅಸಲಿತನ ಪರಿಶೀಲಿಸುತ್ತೇವೆ ಎಂದರು. ಕ್ರಮ ಸರಿಯಾದದ್ದೇ. ಆದರೆ ಪ್ರಕರಣ ದಾಖಲಾಯಿತು ಎಂಬ ಸುದ್ದಿಯನ್ನು ಒಂದು ಗುಂಪು ಕೂಗಿದ್ದಕ್ಕೆ ಪುರಾವೆಯಾಗಿ ಓದುತ್ತದೆ. ಪರಿಶೀಲಿಸುತ್ತೇವೆ ಎಂಬುದನ್ನು ಇನ್ನೊಂದು ಗುಂಪು ಕೂಗಿಲ್ಲ ಎಂಬುದಕ್ಕೆ ಪುರಾವೆಯಾಗಿ ಓದುತ್ತದೆ. ಇಂಥ ಹೊತ್ತಿನಲ್ಲಿ ಊರಿಗೆ ಬೇಕಾದ್ದು ಒಂದು ದಿನಾಂಕ: ಪ್ರಯೋಗಾಲಯದ ಉತ್ತರ ಬಂದಾಗ, ಅದು ಯಾರಿಗೆ ಕಹಿಯಾದರೂ, ಇಂಥ ದಿನ ಇದೇ ಜಾಗದಲ್ಲಿ ಹೇಳುತ್ತೇವೆ ಎಂಬ ಮಾತು.

ಮಾಡಬೇಕಾದ್ದು ದೊಡ್ಡ ಕೆಲಸವೇನಲ್ಲ. ತೈವಾನಿನಲ್ಲಿ ಸರಕಾರಿ ಇಲಾಖೆಗಳು ವದಂತಿ ಎದ್ದ ಕೆಲವೇ ಗಂಟೆಗಳೊಳಗೆ, ಚಿಕ್ಕದಾಗಿ, ಉತ್ತರ ಕೊಡುವ ಪದ್ಧತಿ ಇಟ್ಟುಕೊಂಡವು. ಶಿವಮೊಗ್ಗ ಜಿಲ್ಲಾಡಳಿತಕ್ಕೆ ಇದು ಅಸಾಧ್ಯವಲ್ಲ. ಉತ್ತರ ಎಕ್ಸ್‌ನಲ್ಲಿ ಇಂಗ್ಲಿಷಿನಲ್ಲಿ ಬಂದರೆ ಬೆಂಗಳೂರಿನ ವರದಿಗಾರರಿಗೆ ತಲುಪುತ್ತದೆ, ಓಲ್ಡ್ ಟೌನಿಗೆ ತಲುಪುವುದಿಲ್ಲ. ಕನ್ನಡದಲ್ಲಿ, ಉರ್ದುವಿನಲ್ಲಿ, ಭದ್ರಾವತಿಯಲ್ಲಿ ತಮಿಳಿನಲ್ಲೂ, ಅಧಿಕಾರಿಯದೇ ದನಿಯಲ್ಲಿ ಬರಬೇಕು. ಸುಳ್ಳು ಹೇಳಿದ್ದು ನಾಯಕರಾದರೆ, 2022ರಲ್ಲಿ ಆದಂತೆ, ಹೇಳಿದ್ದು ತಪ್ಪು ಎಂದು ಅಷ್ಟೇ ಬಿಡಿಸಿ ಹೇಳಬೇಕು, ಅವರು ಆಡಳಿತ ಪಕ್ಷದವರಾದರೂ. ಗಲಭೆಯ ಪ್ರತಿ ಪ್ರಕರಣ ಯಾವ ಹಂತದಲ್ಲಿದೆ, ಯಾರಿಗೆ ಶಿಕ್ಷೆಯಾಯಿತು, ಯಾರು ಬಿಡುಗಡೆಯಾದರು, ಯಾವುದನ್ನು ಯಾಕೆ ಹಿಂತೆಗೆದರು ಎಂಬ ಪಟ್ಟಿ ವರ್ಷಕ್ಕೊಮ್ಮೆ ಊರಿನ ಮುಂದೆ ಬರಬೇಕು. ಶಾಂತಿ ಸಭೆಯಲ್ಲಿ ಎಚ್ಚರಿಕೆ ಓದುವ ಬದಲು ಈ ಪಟ್ಟಿ ಓದಲಿ, ಹಿಂದಿನ ಸಾಲಿನ ಹುಡುಗರಿಗೆ ಪ್ರಶ್ನೆ ಕೇಳಲು ಬಿಡಲಿ.

ಪತ್ರಿಕೆಗಳ ಪಾಲೂ ಇದೆ. ಶಿವಮೊಗ್ಗದಿಂದಲೇ ಹೊರಡುವ ಪತ್ರಿಕೆಗಳು ಇಂದಿಗೂ ಇವೆ; ರಾಜಧಾನಿಯ ವಾಹಿನಿಗಿಂತ ಓಣಿಯ ಹೆಸರು, ಮನೆಯ ಹೆಸರು ಅವಕ್ಕೆ ಚೆನ್ನಾಗಿ ಗೊತ್ತು. ಬಂಧನದ ಸುದ್ದಿಗೆ ಕೊಟ್ಟಷ್ಟೇ ಜಾಗವನ್ನು ತೀರ್ಪಿನ ಸುದ್ದಿಗೆ ಕೊಡುವುದು ಅವು ಇವತ್ತೇ ಆರಂಭಿಸಬಹುದಾದ ಕೆಲಸ. ಅದಕ್ಕೆ ಮಸೂದೆ ಬೇಕಿಲ್ಲ.

ಇವೆಲ್ಲ ಮಾಡಿದರೂ ಸುಳ್ಳು ಹೇಳುವವರು ಹೇಳುತ್ತಲೇ ಇರುತ್ತಾರೆ, ಕಟ್ಟಿದ ವಿಡಿಯೊಗಳು ಇನ್ನೂ ನಾಜೂಕಾಗುತ್ತವೆ. ಪ್ರಾಣಕ್ಕೆ ಕುತ್ತು ತರುವ ಸುಳ್ಳನ್ನು ಬೇಕೆಂದೇ ಕಟ್ಟಿದವನಿಗೆ ಶಿಕ್ಷೆಯಾಗಲಿ. ಅದಕ್ಕೆ ಇರುವ ಕಾನೂನು ಸಾಕು, ಅದನ್ನು ಕೊನೆಯವರೆಗೆ ನಡೆಸುವ ಮನಸ್ಸು ಸಾಲದು. ಹೊಸ ಕಾನೂನು ತರುವ ಮೊದಲು ಸರಕಾರ ಒಂದು ಕೆಲಸ ಮಾಡಲಿ. 2010ರ ಮಾರ್ಚ್ 1ರಂದು ಶಿವಮೊಗ್ಗದಲ್ಲಿ ಸತ್ತ ಇಬ್ಬರ ಸಾವಿಗೆ ಯಾರು ಹೊಣೆ ಎಂದು ಈ ಊರಿಗೆ ಹೇಳಲಿ. ಅದನ್ನು ಹೇಳಲಾರದ ಸರಕಾರಕ್ಕೆ, ಯಾವ ಪಕ್ಷದ್ದೇ ಆಗಲಿ, ಇದು ಸತ್ಯ ಇದು ಸುಳ್ಳು ಎಂದು ಮುದ್ರೆ ಒತ್ತುವ ಅಧಿಕಾರ ಕೊಡಬಾರದು.